ಸಿಗದ ಕಾಲ ಹೋಯಿತು, ಹೊಂದದ ಕಾಲ ಬಂತು

1980ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ಪಕ್ಕದ ಅಬಿಂಗ್‌ಡನ್ ಊರಿನಲ್ಲಿ ಎಂಜಿ ಕಾರ್ಖಾನೆಗೆ ಬೀಗ ಬಿತ್ತು. 1929ರಿಂದ ಅಲ್ಲಿ ತಯಾರಾಗುತ್ತಿದ್ದ ಪುಟ್ಟ ಸ್ಪೋರ್ಟ್ಸ್ ಕಾರುಗಳ ಸಾಲು ಅಂದಿಗೆ ಮುಗಿಯಿತು. ಅದೇ ವರ್ಷ ಕವೆಂಟ್ರಿಯ ಕ್ಯಾನ್ಲಿಯಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಕೂಡ ನಿಂತಿತು. ಜಾಗ್ವಾರ್ ಇ-ಟೈಪ್ 1974ರಲ್ಲೇ ಹೋಗಿತ್ತು, ದೊಡ್ಡ ಆಸ್ಟಿನ್-ಹೀಲಿ ಅದಕ್ಕೂ ಎಷ್ಟೋ ಮುಂಚೆ. ಆ ದಿನಗಳಲ್ಲಿ ಈ ಕಾರುಗಳ ಮಾಲೀಕರೆಲ್ಲರ ಬಾಯಲ್ಲಿದ್ದ ಮಾತು ಒಂದೇ: ಇನ್ನು ಸ್ಪೇರ್ ಎಲ್ಲಿಂದ ತರೋದು?

ನಾಲ್ಕೂವರೆ ದಶಕ ಕಳೆದ ಮೇಲೆ ಲೆಕ್ಕ ಹಾಕಿದರೆ ಆ ಭಯ ಸುಳ್ಳಾಗಿದೆ ಎಂದೇ ಹೇಳಬೇಕು. ಇವತ್ತು ಎಂಜಿಬಿಯಂಥ ಕಾರಿಗೆ ಬಾಗಿಲಿನ ರಬ್ಬರಿನಿಂದ ಹಿಡಿದು ಇಡೀ ಬಾಡಿಯವರೆಗೆ ಹೊಸದು ತರಿಸಿಕೊಳ್ಳಬಹುದು. ಇಪ್ಪತ್ತು ವರ್ಷ ಹಳೆಯ ಮಾಮೂಲಿ ಕಾರಿನ ಎಲೆಕ್ಟ್ರಾನಿಕ್ ಪೆಟ್ಟಿಗೆ ಸುಟ್ಟುಹೋದರೆ ಅಷ್ಟು ಸುಲಭವಾಗಿ ಬದಲಿ ಸಿಗುವುದಿಲ್ಲ. ಆದರೆ ಹಳೆಯ ಚಿಂತೆ ಹೋದ ಜಾಗಕ್ಕೆ ಹೊಸದೊಂದು ಬಂದು ಕೂತಿದೆ. ತರಿಸಿದ ಸಾಮಾನು ಸರಿಯಾಗಿ ಕೂರುತ್ತದೆಯೇ, ಕೂತರೆ ಎಷ್ಟು ದಿನ ಬಾಳುತ್ತದೆ ಎಂಬ ಚಿಂತೆ ಅದು.

ಈ ಕಾರುಗಳು ಉಳಿದದ್ದಕ್ಕೆ ಮೊದಲ ಕಾರಣ ಸಂಖ್ಯೆ. 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ತಯಾರಾದವು, ಅವುಗಳಲ್ಲಿ ಬಹುಪಾಲು ಅಮೆರಿಕಕ್ಕೆ ಹೋದವು. ಇಷ್ಟು ಗಿರಾಕಿಗಳಿದ್ದರೆ ಅಂಗಡಿ ಹುಟ್ಟದೆ ಇರದು. ಎರಡನೆಯ ಕಾರಣವನ್ನು ಈ ಕಾರುಗಳ ಅಭಿಮಾನಿಗಳು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ. ಮೇಲೆ ಎಷ್ಟೇ ಗತ್ತು ಕಂಡರೂ ಬಾನೆಟ್ಟಿನ ಕೆಳಗೆ ಇದ್ದದ್ದು ಸಂಸಾರಸ್ಥರ ಕಾರಿನ ಸಾಮಾನು. ಎಂಜಿಎಯ 1489 ಸಿಸಿ ಎಂಜಿನ್ನಿನ ಒಡಹುಟ್ಟುಗಳು ಮಾರಿಸ್ ಆಕ್ಸ್‌ಫರ್ಡ್‌ನಂಥ ಸಾಧು ಸೆಡಾನುಗಳನ್ನೂ ಎಳೆಯುತ್ತಿದ್ದವು. ಸ್ಪಿಟ್‌ಫೈರ್‌ನ ಮುಂದಿನ ಸಸ್ಪೆನ್ಷನ್ ಟ್ರಯಂಫ್ ಹೆರಾಲ್ಡ್‌ನಿಂದ ಬಂದದ್ದು. ಎಸ್‌ಯು ಕಾರ್ಬೊರೇಟರ್ ಮಾರಿಸ್ ಮೈನರ್‌ನಲ್ಲೂ ಇತ್ತು, ಇ-ಟೈಪ್‌ನಲ್ಲೂ ಇತ್ತು. ಸಾಲ್ಸ್‌ಬರಿಯ ಬರ್ಲೆನ್ ಕಂಪನಿ ಅದನ್ನು ಈಗಲೂ ತಯಾರಿಸುತ್ತದೆ. ಕಾಸು ಉಳಿಸಲು ಅಂದು ಕಂಪನಿಗಳು ಮಾಡಿದ ಈ ಹಂಚಿಕೆಯೇ ಮುಂದೆ ಮಾಲೀಕರನ್ನು ಕಾಪಾಡಿತು.

ವ್ಯಾಪಾರ ಮೊದಲು ಕುದುರಿದ್ದು ಸಮುದ್ರದಾಚೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಡಾಲರು ಗಳಿಸಲೆಂದು ಬ್ರಿಟನ್ ಕಾರುಗಳನ್ನು ಅಮೆರಿಕಕ್ಕೆ ಅಟ್ಟಿತು. ಬಲಗಡೆ ಸ್ಟೀರಿಂಗ್ ಇದ್ದ ಎಂಜಿ ಟಿಸಿಯನ್ನೂ ಅಲ್ಲಿಯವರು ಪ್ರೀತಿಯಿಂದಲೇ ಕೊಂಡರು. 1948ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಆಲ್ ಮಾಸ್ ಎಂಬವರು ಇಂಥ ಕಾರುಗಳ ರಿಪೇರಿಗೆಂದು ಗ್ಯಾರೇಜು ತೆರೆದರು. ಅದು ಮಾಸ್ ಮೋಟರ್ಸ್ ಎಂಬ ಹೆಸರಿನಲ್ಲಿ ಬೆಳೆದು, ಪ್ರತಿ ಬೋಲ್ಟಿನ ಚಿತ್ರವನ್ನೂ ಬಿಡಿಸಿ ನಂಬರು ಹಾಕಿದ ಕ್ಯಾಟಲಾಗಿಗೆ ಹೆಸರಾಯಿತು. ಕಾರಿನ ಹೊಟ್ಟೆ ಬಿಚ್ಚಿ ಕೂತವನಿಗೆ ಆ ಚಿತ್ರಗಳು ಎಷ್ಟೋ ಸಲ ಕಂಪನಿಯ ವರ್ಕ್‌ಶಾಪ್ ಪುಸ್ತಕಕ್ಕಿಂತ ಚೆನ್ನಾಗಿ ದಾರಿ ತೋರಿಸುತ್ತವೆ.

ತಯಾರಕರ ಕಡೆಯಿಂದ ಆದ ಒಂದು ದೊಡ್ಡ ಕೆಲಸವೆಂದರೆ ಬ್ರಿಟಿಷ್ ಮೋಟರ್ ಹೆರಿಟೇಜ್. 1975ರಲ್ಲಿ, ಅಂದರೆ ಎಂಜಿ, ಟ್ರಯಂಫ್‌ಗಳ ಒಡೆಯ ಬ್ರಿಟಿಷ್ ಲೇಲ್ಯಾಂಡ್ ದಿವಾಳಿಯ ಅಂಚಿಗೆ ಬಂದು ಸರ್ಕಾರದ ಕೈಸೇರಿದ ವರ್ಷವೇ, ಆ ಕಂಪನಿ ಇದನ್ನು ಹುಟ್ಟುಹಾಕಿತು. ನಿಂತುಹೋದ ಮಾದರಿಗಳ ಬಿಡಿಭಾಗಗಳನ್ನು ಸಾಧ್ಯವಾದಷ್ಟೂ ಮೂಲ ಅಚ್ಚುಗಳಲ್ಲೇ ಮತ್ತೆ ಮಾಡಿಸುವುದು ಇದರ ಉದ್ದೇಶ. ಎಂಭತ್ತರ ದಶಕದಲ್ಲಿ ಅಲ್ಲಿನ ಡೇವಿಡ್ ಬಿಷಪ್ ಎಂಜಿಬಿಯ ಪ್ರೆಸ್ ಅಚ್ಚುಗಳನ್ನು ಹುಡುಕಿಸಿ ಒಂದುಗೂಡಿಸಿದರು. 1988ರಲ್ಲಿ ಹೊಚ್ಚಹೊಸ ಎಂಜಿಬಿ ಬಾಡಿಶೆಲ್ ಮಾರಾಟಕ್ಕೆ ಬಂತು.

ಇದು ಎಂಥ ತಿರುವು ಎಂಬುದನ್ನು ವಿವರಿಸಬೇಕು. ಎಂಜಿಬಿಗೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಬಾಗಿಲ ಕೆಳಗಿನ ಸಿಲ್ ಒಳಗಿನಿಂದ ತುಕ್ಕು ಹಿಡಿಯಿತೆಂದರೆ ಇಡೀ ಕಾರು ನಡುಮುರಿದಂತೆ ಬಾಗುತ್ತದೆ. ಎಂಜಿನ್ನನ್ನು ಹಲವು ಸಲ ಬೋರ್ ಮಾಡಿಸಬಹುದು, ತುಕ್ಕಿಗೆ ಮಾತ್ರ ತಡೆಯಿರಲಿಲ್ಲ. ಹೊಸ ಶೆಲ್ ಬಂದ ಮೇಲೆ ಸತ್ತ ಕಾರಿನ ಎಂಜಿನ್ನು, ಗೇರ್‌ಬಾಕ್ಸು, ಆಕ್ಸಲ್ಲು ಕಳಚಿ ಹೊಸ ಮೈಗೆ ಜೋಡಿಸುವುದು ಸಾಧ್ಯವಾಯಿತು. ಆ ಹೊತ್ತಿಗೆ ಎಂಜಿಯ ಒಡೆತನ ಪಡೆದಿದ್ದ ರೋವರ್ ಕಂಪನಿಯೇ ಇದೇ ಶೆಲ್ಲಿನ ತಳಹದಿಯ ಮೇಲೆ 1992ರಲ್ಲಿ ಎಂಜಿ ಆರ್‌ವಿ8 ಎಂಬ ಕಾರು ತಂದಿತು. ತಯಾರಾದ ಎರಡು ಸಾವಿರದಷ್ಟು ಕಾರುಗಳಲ್ಲಿ ಹೆಚ್ಚಿನವು ಜಪಾನಿಗೆ ಹೋದವು. ಸ್ಪೇರ್ ಅಂಗಡಿಯಿಂದ ಕಾರ್ಖಾನೆಯೇ ಸಾಲ ಪಡೆದ ಇಂಥ ನಿದರ್ಶನ ಬೇರೆ ಕಾಣುವುದು ಕಷ್ಟ.

ಸಂಖ್ಯೆಯ ಬಲವಿಲ್ಲದ ಕಾರುಗಳ ಕತೆ ಬೇರೆ. ಟ್ರಯಂಫ್ ಸ್ಟ್ಯಾಗ್ ತಯಾರಾದದ್ದು ಇಪ್ಪತ್ತಾರು ಸಾವಿರದಷ್ಟು ಮಾತ್ರ. ಅದರ ಮೂರು ಲೀಟರ್ ವಿ8 ಎಂಜಿನ್ ಬೇರೆ ಯಾವ ಟ್ರಯಂಫ್‌ನಲ್ಲೂ ಬರಲಿಲ್ಲ, ಮೇಲಾಗಿ ಬಿಸಿಯೇರಿ ಕೈಕೊಡುವುದರಲ್ಲಿ ಕುಖ್ಯಾತ. ಎಷ್ಟೋ ಮಂದಿ ಅದನ್ನು ಕಿತ್ತು ರೋವರ್ ಎಂಜಿನ್ ಕೂರಿಸಿದರು. ಹಾಗಿದ್ದೂ ಸ್ಟ್ಯಾಗ್ ಉಳಿದದ್ದು ಮಾಲೀಕರ ಕ್ಲಬ್ಬಿನಿಂದ. ಸದಸ್ಯರು ದುಡ್ಡು ಕೂಡಿಸಿ ಅಚ್ಚು ಮಾಡಿಸಿ ಸಾಮಾನು ತಯಾರಿಸುವ ವ್ಯವಸ್ಥೆ ಮಾಡಿಕೊಂಡರು. ಒಂದು ರಬ್ಬರ್ ಸೀಲಿಗೆ ಅಚ್ಚು ಹೊಡೆಸಿದರೆ ಕೆಲವು ನೂರು ತುಂಡುಗಳಾದರೂ ಮಾರಾಟವಾಗಬೇಕು, ಇಲ್ಲದಿದ್ದರೆ ಯಾವ ಅಂಗಡಿಯವನೂ ಕೈಹಾಕುವುದಿಲ್ಲ. ಆ ನಷ್ಟವನ್ನು ಹೊರಬಲ್ಲವರು ಮಾಲೀಕರೇ.

ಇನ್ನು ಗುಣಮಟ್ಟದ ಮಾತು. ಇಲ್ಲಿ ನಮ್ಮ ಅಭಿಪ್ರಾಯ ಕಟುವಾಗಿದೆ. ಹೊಸದಾಗಿ ತಯಾರಾಗುವ ಅಗ್ಗದ ಸಾಮಾನಿನಲ್ಲಿ ದೊಡ್ಡ ಪಾಲು ನೋಡಲಷ್ಟೇ ಹಳೆಯದರಂತಿದೆ. ಡಿಸ್ಟ್ರಿಬ್ಯೂಟರ್ ಒಳಗಿನ ರೋಟರ್ ಆರ್ಮು, ಕಂಡೆನ್ಸರು ಎಂಬ ಬೆರಳುದ್ದದ ವಸ್ತುಗಳು ಇದಕ್ಕೆ ಕೆಟ್ಟ ಉದಾಹರಣೆ. ಕರೆಂಟು ರಿವೆಟ್ಟಿನ ಮೂಲಕ ಒಳಗೇ ಸೋರಿ ಕಾರು ನಡುರಸ್ತೆಯಲ್ಲಿ ನಿಲ್ಲುತ್ತದೆ. ಮಾಲೀಕ ಪೆಟ್ರೋಲ್ ಪಂಪು ಬಿಚ್ಚುತ್ತಾನೆ, ಕಾರ್ಬೊರೇಟರ್ ಬಿಚ್ಚುತ್ತಾನೆ. ನಿನ್ನೆ ತಾನೇ ಹಾಕಿದ ಹೊಸ ಸಾಮಾನಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಸಸ್ಪೆನ್ಷನ್ ಬುಷ್‌ಗಳೂ ಹಾಗೆಯೇ. ಮೊದಲಿನವು ದಶಕಗಟ್ಟಲೆ ಬಾಳಿದ್ದರೆ ಇವು ಬೇಗನೆ ಬಿರುಕುಬಿಟ್ಟು ಪುಡಿಯಾಗುತ್ತವೆ. ಪೆಟ್ಟಿಗೆಯ ಮೇಲೆ ಹಳೆಯ ಪ್ರಸಿದ್ಧ ಹೆಸರಿದೆ ಎಂದ ಮಾತ್ರಕ್ಕೆ ನಂಬುವಂತಿಲ್ಲ. ಹೆಸರುಗಳು ಕೈಬದಲಾಗಿವೆ, ಲೈಸೆನ್ಸಿನ ಮೇಲೆ ಹೋಗಿವೆ.

ಹೀಗಾದಾಗ ಹಳೆಯ ಬೈಗುಳವನ್ನೂ ಮರುಪರಿಶೀಲಿಸುವುದು ನ್ಯಾಯ. ಬರ್ಮಿಂಗ್‌ಹ್ಯಾಮಿನ ಲೂಕಸ್ ಕಂಪನಿಯನ್ನು ಕತ್ತಲೆಯ ರಾಜಕುಮಾರ ಎಂದು ಇಡೀ ಜಗತ್ತು ಗೇಲಿ ಮಾಡಿತು. ದೀಪ ಆರಿದ ಎಷ್ಟೋ ಕಾರುಗಳಲ್ಲಿ ದೋಷ ಇದ್ದದ್ದು ಅರ್ಥ್ ತಂತಿಯ ಬುಡದ ತುಕ್ಕಿನಲ್ಲಿ, ಸಡಿಲಗೊಂಡ ಕನೆಕ್ಟರಿನಲ್ಲಿ. ಉಪ್ಪುಕಾಗದದಿಂದ ಉಜ್ಜಿ ಬಿಗಿ ಮಾಡಿದರೆ ಅರ್ಧ ರೋಗ ವಾಸಿ. ಅಂದಹಾಗೆ 1967ರವರೆಗಿನ ಎಂಜಿಬಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರುತ್ತದೆ. ಅದನ್ನು ನೋಡದೆ ಈಗಿನ ಸ್ಟೀರಿಯೊ ಜೋಡಿಸಿದವರು ಹೊಗೆ ನೋಡಿದ್ದಾರೆ.

ನಿರ್ವಹಣೆಯಲ್ಲಿ ದೊಡ್ಡ ಅನಾಹುತ ಆಗುವುದು ಇಂಥ ಸಣ್ಣ ತಿಳಿವಳಿಕೆ ತಪ್ಪಿದಾಗಲೇ. ಹೆರಾಲ್ಡ್, ಸ್ಪಿಟ್‌ಫೈರ್‌ಗಳ ಮುಂದಿನ ಚಕ್ರ ತಿರುಗುವುದು ಟ್ರನಿಯನ್ ಎಂಬ, ಮರೆಯುಳ್ಳ (ಅಂದರೆ ತಿರುಪಿನ ಸುತ್ತುಗಳುಳ್ಳ) ಭಾಗದ ಮೇಲೆ. ಅದಕ್ಕೆ ಹಾಕಬೇಕಾದ್ದು ಗೇರ್ ಆಯಿಲ್. ನಿಪ್ಪಲ್ ಕಂಡೊಡನೆ ಮೆಕ್ಯಾನಿಕ್ ಗ್ರೀಸ್ ಗನ್ ಎತ್ತುತ್ತಾನೆ. ಗ್ರೀಸು ಗಟ್ಟಿಯಾಗಿ ಮರೆಯ ಸಂದಿಗೆ ಇಳಿಯದೆ, ನೀರು ಸೇರಿ, ಒಳಗಿನ ಉಕ್ಕು ಸವೆದು ಒಂದು ದಿನ ತುಂಡಾಗಿ ಚಕ್ರ ಮಡಚಿಕೊಳ್ಳುತ್ತದೆ. ಎಂಜಿಬಿಯ ಕಿಂಗ್‌ಪಿನ್‌ಗೆ ಗ್ರೀಸೇ ಬೇಕು, ಅದೂ ತಪ್ಪದೆ.

ಮರೆಯ ಮಾತು ಬಂದಾಗ ಎಂಜಿ ಟಿಸಿಯ ಎಂಜಿನ್ನನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗದು. ಅದರ ಬೋಲ್ಟುಗಳಿಗೆ ಇಂಗ್ಲಿಷರ ವಿಟ್‌ವರ್ತ್ ಪಾನಾ ಹೊಂದುತ್ತದೆ, ಮರೆ ಮಾತ್ರ ಮೆಟ್ರಿಕ್! ಕಾರಣ ಇತಿಹಾಸದಲ್ಲಿದೆ. ಫ್ರಾನ್ಸಿನ ಹಾಚ್‌ಕಿಸ್ ಕಂಪನಿ ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಕವೆಂಟ್ರಿಯಲ್ಲಿ ಬಂದೂಕಿನ ಕಾರ್ಖಾನೆ ತೆರೆದಿತ್ತು. ಯುದ್ಧ ಮುಗಿದ ಮೇಲೆ ಅದು ಮಾರಿಸ್‌ಗೆ ಎಂಜಿನ್ ಮಾಡಿಕೊಟ್ಟಿತು, 1923ರಲ್ಲಿ ವಿಲಿಯಂ ಮಾರಿಸ್ ಆ ಕಾರ್ಖಾನೆಯನ್ನು ಕೊಂಡುಕೊಂಡರು. ಟಿಸಿಯ ಎಂಜಿನ್ ಅದೇ ಪರಂಪರೆಯದು. ಯಂತ್ರಗಳು ಫ್ರೆಂಚ್ ಅಳತೆಯವು, ಊರ ಮೆಕ್ಯಾನಿಕ್ಕುಗಳ ಕೈಯಲ್ಲಿದ್ದದ್ದು ಇಂಗ್ಲಿಷ್ ಪಾನಾ. ಎರಡಕ್ಕೂ ರಾಜಿ ಮಾಡಿದರು. ಆ ರಾಜಿಯ ಫಲವಾಗಿ ಇಂದಿಗೂ ಟಿಸಿ ಮಾಲೀಕ ಅಂಗಡಿಗೆ ಹೋಗಿ ಬೋಲ್ಟು ಕೊಳ್ಳುವಂತಿಲ್ಲ, ಪ್ರತ್ಯೇಕವಾಗಿ ಮಾಡಿಸಿದ್ದೇ ಬೇಕು.

ಈ ಕಾಲಾವಧಿಯಲ್ಲಿ ಪೆಟ್ರೋಲೂ ಎರಡು ಸಲ ಬದಲಾಯಿತು. ಬ್ರಿಟನ್ನಿನ ಬಂಕುಗಳಿಂದ 1999ರ ಕೊನೆಗೆ, ಭಾರತದಲ್ಲಿ 2000ದ ಫೆಬ್ರವರಿಗೆ ಸೀಸದ ಪೆಟ್ರೋಲ್ ಮರೆಯಾಯಿತು. ಸೀಸದ ಲೇಪ ಇಲ್ಲದೆ ವಾಲ್ವ್ ಸೀಟುಗಳು ಸವೆದುಹೋಗುತ್ತವೆ ಎಂಬ ಗಾಬರಿ ಹಬ್ಬಿತ್ತು. ಹೆಡ್ಡಿಗೆ ಗಟ್ಟಿ ಸೀಟು ಕೂರಿಸಿ ಅದನ್ನು ದಾಟಿದ್ದಾಯಿತು. ಈಗಿನ ತೊಂದರೆ ಎಥೆನಾಲ್. ಬ್ರಿಟನ್‌ನಲ್ಲಿ 2021ರಿಂದ ಶೇ. 10, ನಮ್ಮಲ್ಲಿ ಈಗ ಶೇ. 20. ಹಳೆಯ ರಬ್ಬರ್ ಪೈಪು ಇದರಲ್ಲಿ ಮೆತ್ತಗಾಗುತ್ತದೆ, ಹೀರಿಕೊಂಡ ನೀರು ಟ್ಯಾಂಕಿನ ತಳಕ್ಕಿಳಿದು ತುಕ್ಕು ಹಿಡಿಸುತ್ತದೆ. ಪೈಪುಗಳನ್ನೆಲ್ಲ ಎಥೆನಾಲ್ ತಾಳುವ ಜಾತಿಯವಕ್ಕೆ ಬದಲಿಸದೆ ಇನ್ನೂ ಕಾರು ಓಡಿಸುತ್ತಿರುವವರು ಬೆಂಕಿಯೊಡನೆ ಸರಸ ಆಡುತ್ತಿದ್ದಾರೆ. ಇದರಲ್ಲಿ ಅತಿಶಯೋಕ್ತಿ ಇಲ್ಲ.

ನಮ್ಮ ನೆಲಕ್ಕೂ ಈ ಕತೆಗೂ ಒಂದು ನಂಟಿದೆ, ಅದನ್ನು ಇಂಗ್ಲೆಂಡಿನವರಿಗಿಂತ ನಾವೇ ಕಡೆಗಣಿಸಿದ್ದೇವೆ. ಹಿಂದುಸ್ತಾನ್ ಮೋಟರ್ಸ್‌ನ ಅಂಬಾಸಿಡರ್‌ನಲ್ಲಿ ದಶಕಗಟ್ಟಲೆ ಇದ್ದದ್ದು ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ಸಾಲಿನ 1489 ಸಿಸಿ ಎಂಜಿನ್. ಎಂಜಿಎ 1500ರದ್ದೂ ಅದೇ ವಂಶ, ಬೋರು ಸ್ಟ್ರೋಕುಗಳ ಅಳತೆಯೂ ಒಂದೇ. ಮದರಾಸಿನ ಸ್ಟ್ಯಾಂಡರ್ಡ್ ಕಂಪನಿ 1961ರಿಂದ ಹೆರಾಲ್ಡ್ ತಯಾರಿಸಿತು. ಸ್ಪಿಟ್‌ಫೈರ್‌ಗೆ ಅದು ಸೋದರ ಸಂಬಂಧಿ. ಅದೇ ಊರಿನ ಪಾಡಿಯಲ್ಲಿ ಲೂಕಸ್-ಟಿವಿಎಸ್ ಎಲೆಕ್ಟ್ರಿಕಲ್ ಸಾಮಾನು ಮಾಡಿತು, ಬ್ರೇಕ್ಸ್ ಇಂಡಿಯಾ ಬ್ರೇಕ್ ಸಾಮಾನು ಮಾಡಿತು. ಹೀಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯ ಹಳೆಯ ಸ್ಪೇರ್ ಅಂಗಡಿಯ ಅಟ್ಟದಲ್ಲಿ ಅಂಬಾಸಿಡರ್ ಎಂದು ಬರೆದಿಟ್ಟ ಡಬ್ಬದೊಳಗೆ ಎಂಜಿಎಗೆ ಒದಗುವ ವಸ್ತು ಇರುವುದು ಸಾಧ್ಯ. ಎಲ್ಲವೂ ಹೊಂದುವುದಿಲ್ಲ. ಪಿಸ್ಟನ್ನಿನ ಕಂಪ್ರೆಷನ್ ಬೇರೆಯಿರಬಹುದು, ಕ್ಯಾಮ್ ಬೇರೆಯಿರಬಹುದು. ಹಳೆಯದನ್ನು ಪಕ್ಕದಲ್ಲಿಟ್ಟು ವರ್ನಿಯರ್ ಹಿಡಿದು ಅಳೆದೇ ಹಾಕಬೇಕು. ಅಂಬಾಸಿಡರ್ 2014ರ ಮೇ ತಿಂಗಳಲ್ಲಿ ನಿಂತುಹೋಯಿತು, ಹೆರಾಲ್ಡ್ ಅದಕ್ಕೂ ಎಷ್ಟೋ ಮೊದಲು. ಆ ಅಟ್ಟಗಳು ವರ್ಷದಿಂದ ವರ್ಷಕ್ಕೆ ಖಾಲಿಯಾಗುತ್ತಿವೆ, ಹೆಚ್ಚಿನದು ತೂಕಕ್ಕೆ ಹೋಗುತ್ತಿದೆ. 2021ರಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ಮೀರಿದ ವಾಹನಗಳಿಗೆ ‘ವಿಎ’ ಸರಣಿಯ ನಂಬರು ಕೊಡುವ ನಿಯಮ ತಂದು ಕಾಗದಪತ್ರದ ಮಟ್ಟಿಗೆ ಮರ್ಯಾದೆ ಕೊಟ್ಟಿದೆ. ಸ್ಪೇರ್‌ಗಳ ದಾಸ್ತಾನಿನ ಬಗ್ಗೆ ಯಾರಿಗೂ ಯೋಚನೆಯಿಲ್ಲ.

ಕೊನೆಯದಾಗಿ ಕೈಗಳು. ಎಸ್‌ಯು ಕಾರ್ಬೊರೇಟರಿನ ಜೋಡಿಯನ್ನು ಒಂದು ತುಂಡು ರಬ್ಬರ್ ಪೈಪು ಕಿವಿಗಿಟ್ಟು, ಗಾಳಿಯೆಳೆಯುವ ಸದ್ದು ಕೇಳಿ ಸಮ ಮಾಡುವ ಮೆಕ್ಯಾನಿಕ್ಕುಗಳು ಎಲ್ಲ ದೇಶದಲ್ಲೂ ಮುದುಕರಾಗಿದ್ದಾರೆ. ಬ್ರಿಟನ್ನಿನ ಬಿಸೆಸ್ಟರ್‌ನ ಹಳೆಯ ವಾಯುನೆಲೆಯಲ್ಲಿ ಹುಡುಗ ಹುಡುಗಿಯರಿಗೆ ಈ ಕಸುಬು ಕಲಿಸುವ ಶಾಲೆ ನಡೆಯುತ್ತಿದೆ. ನಮ್ಮ ಐಟಿಐಗಳಲ್ಲಿ ಅಂಥದ್ದೇನೂ ಬೇಡ; ಸ್ಟ್ಯಾಂಡರ್ಡ್ ಹೆರಾಲ್ಡ್ ಒಂದನ್ನು ಬಿಚ್ಚಿ ಜೋಡಿಸುವ ಅವಕಾಶ ಕೊಟ್ಟರೂ ಮಕ್ಕಳು ಯಂತ್ರವೆಂದರೇನೆಂದು ಕಲಿಯುತ್ತಾರೆ.

ಓದುಗರಲ್ಲಿ ಎರಡು ಕೋರಿಕೆ. ಇಂಥ ಕಾರು ಇಟ್ಟುಕೊಂಡವರು ಹೊಸ ಸಾಮಾನು ಹಾಕಿಸಿದ ದಿನವೇ ಹಳೆಯದನ್ನು ಗುಜರಿಗೆ ಕೊಡಬೇಡಿ. ಚೀಟಿ ಕಟ್ಟಿ ಒಂದು ಡಬ್ಬದಲ್ಲಿಡಿ, ಹೊಸದು ಕೈಕೊಟ್ಟರೆ ರಿಪೇರಿಗೂ ಅಳತೆಗೂ ಅದೇ ಗತಿ. ಅಪ್ಪನ ಕಾಲದ ಸ್ಪೇರ್ ಅಂಗಡಿಯನ್ನು ಮುಚ್ಚುತ್ತಿರುವವರು ಅಟ್ಟದ ಸಾಮಾನನ್ನು ಕಿಲೋ ಲೆಕ್ಕದಲ್ಲಿ ಮಾರುವ ಮುನ್ನ ನಿಮ್ಮೂರಿನ ಹಳೆ ಕಾರುಗಳ ಕ್ಲಬ್ಬಿಗೆ ಒಂದು ಫೋನ್ ಮಾಡಿ.