ವೇತನಚೀಟಿ ಇಲ್ಲದವನಿಗೆ ಸ್ವಂತ ಸೂರು ಬೇಡವೇ?

ಉದ್ಯೋಗ ಬೇಡುವವರಾಗಬೇಡಿ, ಉದ್ಯೋಗ ಕೊಡುವವರಾಗಿ ಎಂದು ನಮ್ಮನ್ನಾಳುವವರು ಯುವಕರಿಗೆ ಉಪದೇಶಿಸುತ್ತಲೇ ಬಂದಿದ್ದಾರೆ. 2015ರಲ್ಲಿ ಮುದ್ರಾ ಯೋಜನೆ ಬಂತು. 2016ರಲ್ಲಿ ಸ್ಟಾರ್ಟ್‌ಅಪ್ ಇಂಡಿಯಾ ಬಂತು. ಈ ಉಪದೇಶವನ್ನು ನಂಬಿ ಸಂಬಳದ ಕೆಲಸ ಬಿಟ್ಟು ಗ್ಯಾರೇಜನ್ನೋ ಬೇಕರಿಯನ್ನೋ ತೆರೆದವನು ವರ್ಷದ ಬಳಿಕ ಗೃಹಸಾಲಕ್ಕಾಗಿ ಬ್ಯಾಂಕಿನ ಮೆಟ್ಟಿಲೇರಿದರೆ ಅವನಿಗೆ ಸಿಗುವ ಉತ್ತರವೇನು? ಎರಡು ಮೂರು ವರ್ಷಗಳ ಆದಾಯ ತೆರಿಗೆ ವಿವರ ತನ್ನಿ, ಲೆಕ್ಕಪತ್ರ ತನ್ನಿ, ಆಮೇಲೆ ನೋಡೋಣ. ಸ್ವಾವಲಂಬಿಯಾಗು ಎಂದ ವ್ಯವಸ್ಥೆಯೇ, ಸ್ವಾವಲಂಬಿಯಾದ ಅಪರಾಧಕ್ಕೆ ಅವನನ್ನು ಬಾಗಿಲ ಹೊರಗೆ ನಿಲ್ಲಿಸುತ್ತದೆ. ಇದೆಂಥ ನ್ಯಾಯ?

ಕರಾವಳಿಯ ಊರುಗಳಲ್ಲಿ ಈ ವಿಪರ್ಯಾಸ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಕೊಲ್ಲಿಯಲ್ಲಿ ಎಸಿ ಮೆಕ್ಯಾನಿಕ್ ಆಗಿ ದುಡಿಯುತ್ತಿದ್ದವನಿಗೆ ಅಲ್ಲಿನ ವೇತನಚೀಟಿಯ ಬಲದಿಂದ ಸಾಲ ಸಿಗುತ್ತಿತ್ತು. ಅದೇ ವ್ಯಕ್ತಿ 2020ರ ಕೊರೊನಾ ಕಾಲದಲ್ಲಿ ಕೆಲಸ ಕಳಕೊಂಡು ಊರಿಗೆ ಮರಳಿ ಸ್ವಂತ ಅಂಗಡಿ ತೆರೆದರೆ, ಮರುದಿನದಿಂದಲೇ ಅವನು ಬ್ಯಾಂಕಿನ ಕಣ್ಣಿಗೆ ಅಪರಿಚಿತ. ಕೈ ಅದೇ, ಕಸುಬು ಅದೇ, ಪ್ರಾಮಾಣಿಕತೆಯೂ ಅದೇ. ಇಲ್ಲದ್ದು ಬೇರೊಬ್ಬರು ಸಹಿ ಹಾಕಿಕೊಟ್ಟ ಒಂದು ಕಾಗದ ಮಾತ್ರ.

ಇನ್ನು ಉಳಿತಾಯದ ಪ್ರಶ್ನೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷ ರೂಪಾಯಿವರೆಗಿನ ಗೃಹಸಾಲ ಮನೆಯ ಬೆಲೆಯ ಶೇ. 90ನ್ನು ಮೀರುವಂತಿಲ್ಲ, 75 ಲಕ್ಷದವರೆಗೆ ಶೇ. 80, ಅದಕ್ಕೂ ಮೇಲ್ಪಟ್ಟರೆ ಶೇ. 75. ಅಂದರೆ 30 ಲಕ್ಷದ ಮನೆ ಕೊಳ್ಳುವವನು ಕನಿಷ್ಠ 3 ಲಕ್ಷವನ್ನು ಕೈಯಿಂದ ಹಾಕಬೇಕು. ಮುದ್ರಾಂಕ ಶುಲ್ಕ ಮತ್ತು ನೋಂದಣಿ ಶುಲ್ಕ ಇದರಲ್ಲಿ ಸೇರಿಲ್ಲ. 10 ಲಕ್ಷದೊಳಗಿನ ಮನೆಗಳಿಗಷ್ಟೇ ಅವನ್ನು ಬೆಲೆಯೊಂದಿಗೆ ಸೇರಿಸಲು ಅವಕಾಶವಿದೆ. ಅಷ್ಟಕ್ಕೂ ಶೇ. 90 ಎಂಬುದು ಗರಿಷ್ಠ ಮಿತಿಯೇ ಹೊರತು ಹಕ್ಕಲ್ಲ. ಇದ್ದಬದ್ದ ಉಳಿತಾಯವನ್ನೆಲ್ಲ ಅಂಗಡಿಗೆ ಸುರಿದವನು ಈ ಮೊತ್ತವನ್ನು ಎಲ್ಲಿಂದ ತರಬೇಕು?

ಆದಾಯದ ಲೆಕ್ಕಾಚಾರವಂತೂ ಇನ್ನೂ ವಿಚಿತ್ರ. ಸಣ್ಣ ವ್ಯಾಪಾರಿಯು ನಗದು ವಹಿವಾಟಿನ ಶೇ. 8ರಷ್ಟನ್ನು ಲಾಭವೆಂದು ಅಂದಾಜಿಸಿ ತೆರಿಗೆ ವಿವರ ಸಲ್ಲಿಸಲು ಕಾನೂನೇ ಅವಕಾಶ ಕೊಟ್ಟಿದೆ. ವರ್ಷಕ್ಕೆ 30 ಲಕ್ಷ ವಹಿವಾಟು ನಡೆಸುವವನ ಆದಾಯ ಹೀಗೆ 2.40 ಲಕ್ಷವೆಂದು ದಾಖಲಾಗುತ್ತದೆ. ಬ್ಯಾಂಕು ಅದನ್ನು ತಿಂಗಳಿಗೆ 20 ಸಾವಿರವೆಂದು ಓದಿ, ಅದರಲ್ಲಿ ಅರ್ಧವನ್ನು ಕಂತಿಗೆ ಹಿಡಿದರೆ, ಶೇ. 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ ಸಿಗುವ ಸಾಲ ಸುಮಾರು 11.5 ಲಕ್ಷ. ಅದರಲ್ಲಿ ಇಂದು ಯಾವ ಪಟ್ಟಣದಲ್ಲಿ ಮನೆ ಬರುತ್ತದೆ? ಅದೇ ವ್ಯಕ್ತಿ ತಿಂಗಳು ತಪ್ಪದೆ ಕಟ್ಟುತ್ತಿರುವ ಮನೆ ಬಾಡಿಗೆ, ಅಂಗಡಿ ಬಾಡಿಗೆಗಳು ಮಾತ್ರ ಸಾಲ ತೀರಿಸುವ ಸಾಮರ್ಥ್ಯಕ್ಕೆ ಸಾಕ್ಷಿಯಾಗುವುದಿಲ್ಲ.

ಬ್ಯಾಂಕು ಕೈಚೆಲ್ಲಿದಾಗ ಅವನು ಹೋಗುವುದು ಖಾಸಗಿ ಗೃಹಸಾಲ ಕಂಪೆನಿಗಳ ಬಳಿಗೆ. ಅಲ್ಲಿ ಅಂಗಡಿಗೇ ಬಂದು ವ್ಯಾಪಾರ ನೋಡಿ ಸಾಲ ಕೊಡುವವರಿದ್ದಾರೆ, ನಿಜ. ಆದರೆ ಬೆಲೆಯೇನು? 20 ಲಕ್ಷದ ಸಾಲಕ್ಕೆ ಶೇ. 8.5ರಂತೆ 20 ವರ್ಷದ ಕಂತು ಸುಮಾರು 17,350 ರೂಪಾಯಿ. ಶೇ. 13 ಆದರೆ ಅದು ಸುಮಾರು 23,430 ರೂಪಾಯಿ. ಇಪ್ಪತ್ತು ವರ್ಷಗಳಲ್ಲಿ ವ್ಯತ್ಯಾಸ 14 ಲಕ್ಷವನ್ನು ಮೀರುತ್ತದೆ. ಕಡಿಮೆ ಇರುವವನೇ ಹೆಚ್ಚು ತೆರಬೇಕೆಂಬುದು ಈ ವ್ಯವಸ್ಥೆಯ ಧರ್ಮ.

ಅಪಾಯವಿದೆ, ಠೇವಣಿದಾರರ ಹಣ ಕಾಯಬೇಡವೇ ಎಂದು ಬ್ಯಾಂಕುಗಳು ಕೇಳುತ್ತವೆ. ಕಾಯಲೇಬೇಕು. ಆದರೆ ಗೃಹಸಾಲದಲ್ಲಿ ಮನೆಯೇ ಬ್ಯಾಂಕಿನ ಕೈಯಲ್ಲಿದೆ. ಸಾಲ ವಸೂಲಾಗದ ಆಸ್ತಿಯೆಂದು ವರ್ಗವಾದರೆ 60 ದಿನಗಳ ನೋಟಿಸು ನೀಡಿ, ವ್ಯಾಜ್ಯ ಹೂಡುವ ಅಗತ್ಯವಿಲ್ಲದೆಯೇ ಮನೆ ವಶಪಡಿಸುವ ಅಧಿಕಾರವನ್ನು 2002ರ ಸರ್ಫೇಸಿ ಕಾಯ್ದೆ ಕೊಟ್ಟಿದೆ. ಇನ್ನು ಠೇವಣಿದಾರರ ಹಣ ನಿಜವಾಗಿ ಎಲ್ಲಿ ಮುಳುಗಿತು? 2023ರ ಮಾರ್ಚ್‌ಗೆ ಕೊನೆಗೊಂಡ ಐದು ಹಣಕಾಸು ವರ್ಷಗಳಲ್ಲಿ ಬ್ಯಾಂಕುಗಳು 10.5 ಲಕ್ಷ ಕೋಟಿ ರೂಪಾಯಿಗೂ ಅಧಿಕ ಸಾಲವನ್ನು ಲೆಕ್ಕದಿಂದ ಕೈಬಿಟ್ಟವೆಂದು ಕೇಂದ್ರ ಸರಕಾರವೇ ಸಂಸತ್ತಿಗೆ ತಿಳಿಸಿತು. ಅದರಲ್ಲಿ ಅರ್ಧದಷ್ಟು ಬೃಹತ್ ಉದ್ದಿಮೆಗಳದ್ದು. ಕೈಬಿಡುವುದೆಂದರೆ ಮನ್ನಾ ಅಲ್ಲ, ವಸೂಲಿ ಮುಂದುವರಿಯುತ್ತದೆ ಎಂಬ ಸಮಜಾಯಿಷಿ ಇದೆ. ಇರಲಿ. ಬೃಹತ್ ಉದ್ದಿಮೆಗಳ ಬಗ್ಗೆ ತೋರಿದ ವಿಶ್ವಾಸದ ನೂರನೇ ಒಂದು ಪಾಲನ್ನು ಬೇಕರಿಯವನ ಬಗ್ಗೆ ತೋರಲು ಬ್ಯಾಂಕುಗಳಿಗೆ ಏನು ಅಡ್ಡಿ?

ಈ ಪ್ರಶ್ನೆ ಮುಸ್ಲಿಮ್ ಸಮುದಾಯವನ್ನು ವಿಶೇಷವಾಗಿ ತಟ್ಟುತ್ತದೆ. ದುಡಿಯುವ ಮುಸ್ಲಿಮರಲ್ಲಿ ಶೇ. 61 ಮಂದಿ ಸ್ವಂತ ಉದ್ಯೋಗವನ್ನು ಅವಲಂಬಿಸಿದ್ದರೆ ಹಿಂದೂಗಳಲ್ಲಿ ಈ ಪ್ರಮಾಣ ಸುಮಾರು ಶೇ. 55 ಎಂದು 2006ರ ಸಾಚಾರ್ ಸಮಿತಿ ವರದಿ ದಾಖಲಿಸಿತ್ತು. ಕೆಲವು ಬ್ಯಾಂಕುಗಳು ಮುಸ್ಲಿಮ್ ಬಾಹುಳ್ಯದ ಪ್ರದೇಶಗಳನ್ನು ಸಾಲಕ್ಕೆ ಯೋಗ್ಯವಲ್ಲದ ವಲಯಗಳೆಂದು ಗುರುತಿಸಿದ್ದನ್ನೂ ಅದು ಬಯಲು ಮಾಡಿತ್ತು. ವೇತನಚೀಟಿಯೂ ಇಲ್ಲ, ವಿಳಾಸವೂ ಸರಿಯಿಲ್ಲ ಎಂದಾದರೆ ಮನುಷ್ಯ ಎಲ್ಲಿಗೆ ಹೋಗಬೇಕು? ಬಡ್ಡಿಯಿಂದ ದೂರವಿರಲು ಬಯಸುವವನ ಪಾಲಿಗಂತೂ ಇನ್ನೊಂದು ಬಾಗಿಲೂ ಮುಚ್ಚಿದೆ. ಬಡ್ಡಿರಹಿತ ಬ್ಯಾಂಕಿಂಗ್‌ಗೆ ಅವಕಾಶ ಕೊಡಬೇಕೆಂದು ರಘುರಾಮ್ ರಾಜನ್ ಸಮಿತಿ 2008ರಲ್ಲಿ ಶಿಫಾರಸು ಮಾಡಿತ್ತು. 2017ರಲ್ಲಿ ರಿಸರ್ವ್ ಬ್ಯಾಂಕು ಆ ಪ್ರಸ್ತಾಪವನ್ನು ಕೈಬಿಟ್ಟಿತು.

ಆದರೆ ಪರಿಹಾರವಿದೆ. ಎರಡು ಮೂರು ವರ್ಷಗಳ ತೆರಿಗೆ ವಿವರ ಎಂಬ ಷರತ್ತು ದೈವವಾಣಿಯಲ್ಲ. ಬ್ಯಾಂಕುಗಳು ತಮ್ಮ ಸಾಲನೀತಿಯಲ್ಲಿ ತಾವೇ ರೂಪಿಸಿಕೊಂಡದ್ದು. ಇಂದು ತಳ್ಳುಗಾಡಿಯವನ ವ್ಯಾಪಾರವೂ ಯುಪಿಐ ಮೂಲಕ ದಾಖಲಾಗುತ್ತದೆ. ಗ್ರಾಹಕನ ಒಪ್ಪಿಗೆಯೊಂದಿಗೆ ಖಾತೆಯ ಮಾಹಿತಿಯನ್ನು ಸಾಲದಾತನಿಗೆ ತಲುಪಿಸುವ ಅಕೌಂಟ್ ಅಗ್ರಿಗೇಟರ್ ವ್ಯವಸ್ಥೆ 2021ರಿಂದ ಜಾರಿಯಲ್ಲಿದೆ. ಸಣ್ಣ ಉದ್ದಿಮೆಗಳ ಸಾಲಾರ್ಹತೆಯನ್ನು ಡಿಜಿಟಲ್ ವಹಿವಾಟಿನಿಂದ ಅಳೆಯಲಾಗುವುದೆಂದು 2024ರ ಜುಲೈ ಬಜೆಟ್ಟಿನಲ್ಲಿ ಸರಕಾರವೇ ಘೋಷಿಸಿತು. ಅಂಗಡಿಯ ಸಾಲಕ್ಕೆ ಸಾಕಾಗುವ ದಾಖಲೆ ಆ ಅಂಗಡಿಯವನ ಮನೆಯ ಸಾಲಕ್ಕೆ ಏಕೆ ಸಾಲದು? ಕಡಿಮೆ ಆದಾಯದವರ ಗೃಹಸಾಲಕ್ಕೆ ಖಾತರಿ ನೀಡುವ ನಿಧಿಯನ್ನು 1,000 ಕೋಟಿಯಿಂದ 3,000 ಕೋಟಿಗೆ ಹೆಚ್ಚಿಸಲು 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಒಪ್ಪಿತು. ಇಂಥದ್ದೊಂದು ನಿಧಿಯಿದೆಯೆಂದು ಎಷ್ಟು ಶಾಖೆಗಳಲ್ಲಿ ಅರ್ಜಿದಾರನಿಗೆ ತಿಳಿಸಲಾಗುತ್ತದೆ?

ಹಾಗಂತ ಹೊಣೆಯೆಲ್ಲ ಬ್ಯಾಂಕಿನದ್ದೇ ಅಲ್ಲ. ಸ್ವಂತ ಉದ್ಯೋಗ ಆರಂಭಿಸುವವರು ಮೊದಲ ದಿನದಿಂದಲೇ ವ್ಯಾಪಾರಕ್ಕೆ ಪ್ರತ್ಯೇಕ ಖಾತೆ ತೆರೆಯಬೇಕು, ಇದ್ದ ಆದಾಯವನ್ನು ಇದ್ದಂತೆ ತೋರಿಸಬೇಕು, ತೆರಿಗೆ ಬಾರದಿದ್ದರೂ ವಿವರ ಸಲ್ಲಿಸಬೇಕು. ಮೊಹಲ್ಲಾಗಳಲ್ಲಿ ಅದ್ದೂರಿ ಸಮಾರಂಭ ಏರ್ಪಡಿಸುವ ಸಂಘಟನೆಗಳು ವರ್ಷಕ್ಕೊಮ್ಮೆಯಾದರೂ ಲೆಕ್ಕಪತ್ರ ಶಿಬಿರ ನಡೆಸಲಿ.

ಬೆವರಿನ ಲೆಕ್ಕ ಇಡುವುದು ದುಡಿಯುವವನ ಕರ್ತವ್ಯ. ಆ ಲೆಕ್ಕವನ್ನು ಓದಲು ಕಲಿಯುವುದು ಬ್ಯಾಂಕಿನ ಕರ್ತವ್ಯ. ಅದನ್ನು ಕಲಿಯದ ಬ್ಯಾಂಕುಗಳನ್ನು ಸಾರ್ವಜನಿಕ ಬ್ಯಾಂಕುಗಳೆಂದು ಕರೆಯುವುದರಲ್ಲಿ ಏನರ್ಥವಿದೆ?