ಬಾಯಲ್ಲಿ ಹೇಳಬಹುದಾದ ಗುಟ್ಟು

ಸ್ವಂತ ಸರ್ವರ್ ನಡೆಸುವ ಗೆಳೆಯರೇ, ಕೀಕ್ಲೋಕ್, ಆಥೆಂಟಿಕ್, ಆಥೀಲಿಯಾ ಎಂದು ರಾತ್ರಿಯೆಲ್ಲ ಕಣ್ಣು ಕೆಂಪಗೆ ಮಾಡಿಕೊಂಡವರೇ, ನಿಮಗೊಂದು ಮಾತು ಹೇಳಬೇಕಿದೆ. ಮೇಲ್, ಕಡತ, ಲೆಕ್ಕಪತ್ರ ಎಲ್ಲಕ್ಕೂ ಒಂದೇ ಲಾಗಿನ್ ಮಾಡಿದ್ದೀರಿ. ಒಳ್ಳೆಯದೇ. ಆದರೆ ಒಳಗಿನ ಕೋಣೆಗಳ ಬೀಗವನ್ನೆಲ್ಲ ತೆಗೆದು ಹೊರಬಾಗಿಲಿಗೆ ಒಂದೇ ಬೀಗ ಹಾಕಿದಂತಾಯಿತು. ಆ ಬೀಗ ಎಂಥದ್ದೆಂದು ನೋಡಿದ್ದೀರಾ?

ನನ್ನದನ್ನೇ ಹೇಳುತ್ತೇನೆ. ನಲವತ್ತು ಜನರ ಕಚೇರಿ. ಎಲ್ಲರಿಗೂ ಒಟಿಪಿ ಆ್ಯಪ್ ಕಡ್ಡಾಯ ಮಾಡಿ, ಬೀಗ ಹಾಕಿದೆನೆಂದು ಬೀಗಿದ್ದೆ. ಒಂದು ಮಧ್ಯಾಹ್ನ ಲೆಕ್ಕದ ವಿಭಾಗದ ಮೇಡಂ ಫೋನನ್ನು ಸ್ಪೀಕರಿಗೆ ಹಾಕಿ, ಕನ್ನಡಕ ಹಣೆಗೇರಿಸಿ, "ಏಳು... ಸೊನ್ನೆ... ನಾಲ್ಕು..." ಎಂದು ಓದುತ್ತಿದ್ದರು.

"ಯಾರಿಗೆ ಮೇಡಂ ಹೇಳ್ತಿರೋದು?"

"ನಿಮ್ಮ ಕಡೆ ಹುಡುಗನೇ ಸರ್. ಸರ್ವರ್ ರಿಪೇರಿಯಂತೆ."

ಓಡಿಹೋಗಿ ಕರೆ ಕಟ್ ಮಾಡಿದೆ. ತಪ್ಪು ಅವರದಲ್ಲ. ಬಾಯಲ್ಲಿ ಹೇಳಬಹುದಾದ ಗುಟ್ಟನ್ನು ಅವರ ಕೈಗೆ ಕೊಟ್ಟವನು ನಾನು.

ಎಸ್ಸೆಮ್ಮೆಸ್ ಒಟಿಪಿ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನಕಲಿ ಸಿಮ್ ತೆಗೆಸಿದವನಿಗೆ ನಿಮ್ಮ ಸರ್ವರೇ ಸಂದೇಶ ಕಳಿಸಿಕೊಡುತ್ತದೆ. ಆ್ಯಪಿನ ಒಟಿಪಿ ಅದಕ್ಕಿಂತ ವಾಸಿ. 2011ರಲ್ಲೇ ಪ್ರಮಾಣಿತವಾದ ವಿಧಾನ, ನೆಟ್‌ವರ್ಕ್ ಬೇಡ, ಮೂವತ್ತು ಸೆಕೆಂಡಿಗೆ ಅಂಕಿ ಬದಲು. ಆದರೆ ಆ ಅಂಕಿ ಹುಟ್ಟುವ ಮೂಲ ರಹಸ್ಯ ಫೋನಿನಲ್ಲಷ್ಟೇ ಅಲ್ಲ, ನಿಮ್ಮ ಡೇಟಾಬೇಸಿನಲ್ಲೂ ಇರುತ್ತದೆ. ದಿನಾ ರಾತ್ರಿ ತೆಗೆಯುವ ಬ್ಯಾಕಪ್ಪಿನಲ್ಲೂ ಇರುತ್ತದೆ. ಆ ಬ್ಯಾಕಪ್ ಯಾರ ಕ್ಲೌಡಿನಲ್ಲಿ ಬಿದ್ದಿದೆ, ಎನ್‌ಕ್ರಿಪ್ಟ್ ಆಗಿದೆಯೇ? ಎದೆ ಮುಟ್ಟಿಕೊಂಡು ಹೇಳಿ.

ಪಾಸ್‌ಕೀ ದಾರಿಯೇ ಬೇರೆ. ಗುಟ್ಟು ಇರುವುದು ಫೋನಿನಲ್ಲೋ ಯುಎಸ್‌ಬಿ ಕೀಯಲ್ಲೋ. ಸರ್ವರಿನಲ್ಲಿ ಉಳಿಯುವುದು ಸಾರ್ವಜನಿಕ ಕೀ ಮಾತ್ರ. ಕದ್ದರೂ ಅದರಿಂದ ಲಾಗಿನ್ ಆಗುವುದಿಲ್ಲ. ಅದಕ್ಕಿಂತ ದೊಡ್ಡದು, ಕೀ ನಿಮ್ಮ ಡೊಮೇನಿಗೆ ಕಟ್ಟುಬಿದ್ದಿರುತ್ತದೆ. ನಕಲಿ ಪುಟಕ್ಕೆ ಮನುಷ್ಯ ಮೋಸಹೋದರೂ ಕೀ ಮೋಸಹೋಗುವುದಿಲ್ಲ. 2022ರಲ್ಲಿ ಕ್ಲೌಡ್‌ಫ್ಲೇರ್ ಕಂಪನಿಯ ಸಿಬ್ಬಂದಿಗೆ ನಕಲಿ ಲಾಗಿನ್ ಪುಟದ ಸಂದೇಶಗಳು ಬಂದಾಗ ಮೂವರು ಪಾಸ್‌ವರ್ಡ್ ಒತ್ತಿಯೇಬಿಟ್ಟರು. ಎಲ್ಲರ ಕೈಯಲ್ಲೂ ಇಂಥದೇ ಹಾರ್ಡ್‌ವೇರ್ ಕೀ ಇದ್ದದ್ದರಿಂದ ಕಳ್ಳನಿಗೆ ಒಳಗೆ ಬರಲಾಗಲಿಲ್ಲ. ಅದೇ ಹೊತ್ತಿನಲ್ಲಿ ಅದೇ ಬಗೆಯ ಬಲೆಗೆ ಬಿದ್ದ ಟ್ವಿಲಿಯೋ ಕಂಪನಿಯಲ್ಲಿ ಗ್ರಾಹಕರ ಮಾಹಿತಿ ಹೋಯಿತು. ಸಾಫ್ಟ್‌ವೇರನ್ನೇ ಕಸುಬು ಮಾಡಿಕೊಂಡವರೇ ಲಿಂಕ್ ಒತ್ತಿದರೆಂದ ಮೇಲೆ, ನಮ್ಮ ಮೇಡಂಗೆ "ಹುಷಾರಾಗಿರಿ" ಎಂದು ಪೋಸ್ಟರ್ ಅಂಟಿಸಿ ಕೈತೊಳೆದುಕೊಳ್ಳುವುದು ಯಾವ ನ್ಯಾಯ?

ಪಾಸ್‌ಕೀಗೂ ಕಾಟಗಳಿವೆ. ಡೊಮೇನ್ ಹೆಸರು ಬದಲಿಸಿದಿರೋ, ನೋಂದಾಯಿಸಿದ ಕೀಗಳೆಲ್ಲ ಕೆಲಸಕ್ಕೆ ಬಾರದೆ ಹೋಗುತ್ತವೆ. ಬರೀ ಐಪಿ ವಿಳಾಸದ ಮೇಲೆ ಅದು ನಡೆಯುವುದೂ ಇಲ್ಲ. ಕೀ ಕಳೆದರೆ ಏನು ಗತಿ ಎಂದು ಮೊದಲೇ ಯೋಚಿಸಬೇಕು. ನಾನು ಮಾಡಿದ ಪೆದ್ದುತನ ಕೇಳಿ: ರೀಸೆಟ್ ಲಿಂಕ್ ಕಚೇರಿಯ ಮೇಲಿಗೇ ಹೋಗುತ್ತಿತ್ತು, ಆ ಮೇಲ್ ತೆರೆಯಲು ಅದೇ ಲಾಗಿನ್ ಬೇಕಿತ್ತು! ಪೆಟ್ಟಿಗೆಯ ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಮುಚ್ಚಿದ್ದೆ.

ಫೋನ್ ಹಳೆಯದು, ಬಟನ್ನಿನದು ಎಂದು ಯಾರನ್ನೂ ಹೊರಗೆ ನಿಲ್ಲಿಸಬೇಡಿ. ಅಂಥವರಿಗೆ ಯುಎಸ್‌ಬಿ ಕೀ ಕೊಡಿಸಿ. ದುಡ್ಡಿಲ್ಲ ಎನ್ನುವ ಮೊದಲು ಹೋದ ವರ್ಷ ಕೊಂಡ ಹಾರ್ಡ್ ಡಿಸ್ಕ್‌ಗಳ ಬಿಲ್ ತೆಗೆದು ನೋಡಿ. ಈ ಶನಿವಾರವೇ ಕೂತು, ಮೊದಲು ನಿಮ್ಮ ಅಡ್ಮಿನ್ ಖಾತೆಗೆ ಎರಡು ಕೀ ನೋಂದಾಯಿಸಿ, ಒಂದನ್ನು ಬೀರುವಿನಲ್ಲಿಡಿ. ಆಮೇಲೆ ಒಬ್ಬೊಬ್ಬರ ಮೇಜಿನ ಹತ್ತಿರವೂ ನೀವೇ ಹೋಗಿ. ಇಮೇಲ್ ಕಳಿಸಿ ಸುಮ್ಮನಾಗಬೇಡಿ.

ನಮ್ಮ ಮೇಡಂ ಈಗ ಆ ಕೀಯನ್ನು ಮನೆಯ ಬೀಗದ ಕೈಗೊಂಚಲಿಗೇ ಪೋಣಿಸಿಕೊಂಡಿದ್ದಾರೆ. ಮೊನ್ನೆ ಮತ್ತೆ ಯಾವನೋ ಫೋನ್ ಮಾಡಿದನಂತೆ. "ನಂಬರ್ ಗಿಂಬರ್ ಏನಿಲ್ಲಪ್ಪ, ಕೀ ಇದೆ. ಬೇಕಾದ್ರೆ ಬಂದು ತಗೊಂಡು ಹೋಗು" ಅಂದರಂತೆ.