ಮಗಳ ಲ್ಯಾಪ್‌ಟಾಪಿನಲ್ಲಿ ಮಂಗಳಯಾನ

ಮಂಗಳಯಾನ ಶ್ರೀಹರಿಕೋಟಾದಿಂದ ಮೇಲೇರಿದ್ದು 2013ರ ನವೆಂಬರ್ 5ಕ್ಕೆ. ಭೂಮಿಯ ಕಕ್ಷೆ ಬಿಟ್ಟು ಮಂಗಳದ ದಾರಿ ಹಿಡಿದಿದ್ದು ಡಿಸೆಂಬರ್ 1ಕ್ಕೆ. ನಡುವೆ ಇಷ್ಟು ದಿನ ಅದೇನು ಮಾಡ್ತಿತ್ತು? ಆಗ ಪೇಪರಿನಲ್ಲಿ ಓದಿದ್ದೆ, ತಲೆಗೆ ಹತ್ತಿರಲಿಲ್ಲ. ಹತ್ತಿದ್ದು ಈ ದಸರಾ ರಜೆಯಲ್ಲಿ, ಪಿಯುಸಿ ಓದುವ ಮಗಳು ‘ಕರ್ಬಲ್ ಸ್ಪೇಸ್ ಪ್ರೋಗ್ರಾಂ’ ಅನ್ನೋ ಕಂಪ್ಯೂಟರ್ ಆಟದಲ್ಲಿ ಅದೇ ಯಾನವನ್ನು ಮತ್ತೆ ಮಾಡಲು ಕೂತಾಗ.

ಆ ಆಟದ ಗ್ರಹ ನಮ್ಮ ಭೂಮಿಯ ಹತ್ತನೇ ಒಂದರಷ್ಟು ಅಗಲ. ಇವಳು ಮಾಡ್ ಹಾಕಿ ಭೂಮಿ, ಮಂಗಳ ಎರಡನ್ನೂ ನಿಜ ಅಳತೆಗೆ ತಂದಿದ್ದಾಳೆ. ನೌಕೆಯ ತೂಕ 1,337 ಕೆ.ಜಿ., ಅದರಲ್ಲಿ 852 ಕೆ.ಜಿ. ಇಂಧನವೇ. ಎಂಜಿನ್ನಿನ ಬಲ 440 ನ್ಯೂಟನ್. “ಅಂದ್ರೆ ಎಷ್ಟೇ?” ಅಂದೆ. “ಅಮ್ಮಾ, 25 ಕೆ.ಜಿ. ಅಕ್ಕಿ ಚೀಲ ಎರಡನ್ನು ಎತ್ತೋಕೂ ಸಾಲದು!”

ಇಷ್ಟು ಸಣ್ಣ ಎಂಜಿನ್ ಒಂದೇ ಏಟಿಗೆ ಮಂಗಳಕ್ಕೆ ತಳ್ಳಲಾರದು. ಹಾಗಾಗಿ ನೌಕೆ ಪ್ರತಿ ಸಲ ಭೂಮಿಗೆ ತೀರಾ ಹತ್ತಿರ ಬಂದಾಗ, ವೇಗ ಅತಿ ಹೆಚ್ಚಿರುವಾಗ, ಸ್ವಲ್ಪ ಹೊತ್ತು ಉರಿಸೋದು. ಅಲ್ಲಿ ಸುಟ್ಟ ಇಂಧನಕ್ಕೆ ಫಲ ಜಾಸ್ತಿ. ಜೋಕಾಲಿ ಕೆಳಗೆ ಬಂದಾಗ ತಳ್ಳುತ್ತೇವಲ್ಲ, ಹೆಚ್ಚುಕಮ್ಮಿ ಹಾಗೆ. ಸುಮಾರು 23,500 ಕಿ.ಮೀ. ಇದ್ದ ಕಕ್ಷೆಯ ದೂರದ ತುದಿ ಹೀಗೇ ಬೆಳೆದು ನವೆಂಬರ್ 16ಕ್ಕೆ 1,92,000 ದಾಟಿತು.

ನವೆಂಬರ್ 11ರಂದು ಒಂದು ಲಕ್ಷ ಮುಟ್ಟಬೇಕಿತ್ತು, ಎಂಜಿನ್ನಿಗೆ ಇಂಧನ ಹರಿಯೋದು ನಿಂತು 78 ಸಾವಿರಕ್ಕೇ ಉಳಿಯಿತು. ಮಾರನೇ ದಿನ ಇನ್ನೊಮ್ಮೆ ಉರಿಸಿ ಸರಿ ಮಾಡಿದರು. ಮಗಳು ಅದನ್ನೂ ಬಿಡಲಿಲ್ಲ, ಬೇಕೆಂದೇ ಅರ್ಧಕ್ಕೆ ಎಂಜಿನ್ ಆರಿಸಿದಳು. “ಆಗಿದ್ದು ಹಾಗೇ ತಾನೇ?” ಅಂತ ನನಗೇ ಪ್ರಶ್ನೆ.

ಮುಂದಿನ ಹತ್ತು ತಿಂಗಳ ಪಯಣ ಆಟದಲ್ಲಿ ಕೆಲವೇ ನಿಮಿಷ, ನಾನು ಒಗ್ಗರಣೆ ಹಾಕಿ ಬರೋಷ್ಟರಲ್ಲಿ ಮುಗಿದಿತ್ತು. ಕಷ್ಟ ಇರೋದು ಅಲ್ಲಿಂದ. 2014ರ ಸೆಪ್ಟೆಂಬರ್ 24ರ ಬೆಳಿಗ್ಗೆ, ಸುಮಾರು 300 ದಿನ ಸುಮ್ಮನಿದ್ದ ಎಂಜಿನ್ 23 ನಿಮಿಷ ಉರಿಯಬೇಕಿತ್ತು. ಎರಡು ದಿನ ಮೊದಲು ನಾಲ್ಕು ಸೆಕೆಂಡ್ ಹೊತ್ತಿಸಿ ನೋಡಿದ್ದರು, ಅಷ್ಟೇ ಧೈರ್ಯ. ಸಿಗ್ನಲ್ ಬರಲು 12 ನಿಮಿಷ. ಜೊತೆಗೆ, ಎಂಜಿನ್ ಉರಿಯುತ್ತಿರುವಾಗಲೇ ನೌಕೆ ಮಂಗಳದ ಹಿಂದೆ ಮರೆಯಾಗುತ್ತದೆ. ಬೆಂಗಳೂರಿನ ನಿಯಂತ್ರಣ ಕೇಂದ್ರದಲ್ಲಿ ಕೂತವರು ಮೊದಲೇ ಕಳಿಸಿಟ್ಟ ಆದೇಶಗಳನ್ನು ನಂಬಿ ಕಾಯಬೇಕಿತ್ತು.

ಆಟದಲ್ಲಾದರೆ ತಪ್ಪಿದರೆ ಒಂದು ಕೀ ಒತ್ತಿ ಹಿಂದಕ್ಕೆ ಹೋಗಬಹುದು. ಮಗಳು ಅದನ್ನು ಮುಟ್ಟಬಾರದು ಅಂತ ತಾನೇ ನಿಯಮ ಮಾಡಿಕೊಂಡಳು. ಆದೇಶಗಳನ್ನೆಲ್ಲ ಮೊದಲೇ ಬರೆದಿಟ್ಟು ಕೈಕಟ್ಟಿ ಕೂತಳು. ಇವರಪ್ಪ ಏನೋ ಕೇಳಲು ಬಂದರೆ “ಶ್!” ಅಂದಳು.

ಎಂಜಿನ್ ತಡವಾಗಿ ಹೊತ್ತಿತು. ನೌಕೆ ಮಂಗಳವನ್ನು ಸವರಿಕೊಂಡು ಹಾಗೇ ಮುಂದೆ ಹೋಯಿತು. ಆ ಕೀ ಮೇಲೆ ಬೆರಳಿಟ್ಟಳು, ತೆಗೆದಳು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನೋಟ್‌ಬುಕ್ ತೆಗೆದು ಹೊಸ ತಾರೀಕು ಬರೆದಳು, ಮತ್ತೆ ಶ್ರೀಹರಿಕೋಟಾದಿಂದ.